ಜಂತಿನ ಔಷಧ ಕುಡಿಸಿದರೂ ಕುರಿ ಸೊರಗುತ್ತಿದೆಯೇ? ಲಿವರ್ ಹುಳುವಿನ ಪತ್ತೆ, ಚಿಕಿತ್ಸೆ ಮತ್ತು ಮುಂದಿನ ದಾರಿ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಕುರಿಗಾರರಿಂದ ಫೆಬ್ರವರಿ, ಮಾರ್ಚ್ ಹೊತ್ತಿಗೆ ಬರುವ ದೂರು ಹೆಚ್ಚುಕಮ್ಮಿ ಒಂದೇ. ಕುರಿ ಮೇಯುತ್ತದೆ, ಆದರೆ ಮೈ ಹಿಡಿಯುವುದಿಲ್ಲ. ಬೆನ್ನುಮೂಳೆ ಕೈಗೆ ಸಿಗುತ್ತದೆ. ಉಣ್ಣೆ ಸ್ವಲ್ಪ ಎಳೆದರೂ ಕಿತ್ತು ಬರುತ್ತದೆ. ಮಂದೆ ಹೊರಟರೆ ಅದೇ ನಾಲ್ಕಾರು ಕುರಿ ಹಿಂದೆ ಬೀಳುತ್ತವೆ. ಸಂಜೆ ವಾಪಸ್ ಬಂದಾಗ ಗದ್ದದ ಕೆಳಗೆ ಮೆತ್ತಗೆ ಬಾವು, ಬೆಳಗ್ಗೆ ನೋಡಿದರೆ ಅದು ಕಡಿಮೆಯಾಗಿರುತ್ತದೆ. "ಹೋದ ತಿಂಗಳನ ಜಂತಿನ ಔಷಧ ಕುಡಿಸೀವಿ ಸರ, ಮತ್ಯಾಕ ಹಿಂಗಾಗ್ಯಾವು?" ಎಂದು ಕೇಳುತ್ತಾರೆ.

ಕೇಳುವುದು ಸರಿಯೇ. ಅವರು ದುಡ್ಡು ಕೊಟ್ಟು ತಂದು, ಒಂದೊಂದನ್ನೇ ಹಿಡಿದು ಕುಡಿಸಿರುತ್ತಾರೆ. ತೊಂದರೆ ಏನೆಂದರೆ, ಹೊಟ್ಟೆಯ ದುಂಡುಹುಳುವಿಗೆ ಕೆಲಸ ಮಾಡುವ ಔಷಧ ಲಿವರ್‌ನ ಚಪ್ಪಟೆ ಹುಳುವಿಗೆ ಕೆಲಸ ಮಾಡಬೇಕೆಂದಿಲ್ಲ. ಚಪ್ಪಟೆ ಹುಳುವಿಗೇ ಆದ ಔಷಧ ಕೊಟ್ಟರೂ, ಹುಳು ಎಳೆಯದಾಗಿದ್ದರೆ ಕೆಲವು ಔಷಧ ಅದನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಎರಡು ಪ್ರಶ್ನೆಗೆ ಉತ್ತರ ಬೇಕು: ಇದು ಲಿವರ್ ಹುಳುವೇ? ಹೌದಾದರೆ ಆ ಹುಳುವಿಗೆ ಈಗ ಎಷ್ಟು ವಾರ? ಎರಡನೆಯದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅರ್ಧ ಚಿಕಿತ್ಸೆ ವ್ಯರ್ಥವಾಗುವುದು ಅಲ್ಲೇ.

ಹುಳು ಒಳಗೆ ಹೋದದ್ದು ಯಾವಾಗ?

ನಮ್ಮ ಬಯಲುಸೀಮೆಯಲ್ಲಿ ಕಾಣುವುದು ಹೆಚ್ಚಾಗಿ ಫ್ಯಾಸಿಯೋಲಾ ಜೈಗಾಂಟಿಕಾ. ಬೆಳೆದ ಹುಳು ಎರಡೂವರೆ ಸೆಂಟಿಮೀಟರ್‌ನಿಂದ ಏಳು ಸೆಂಟಿಮೀಟರ್‌ವರೆಗೆ ಉದ್ದ ಇರುತ್ತದೆ. ಚಪ್ಪಟೆ, ಉದ್ದನೆ ಎಲೆಯ ಆಕಾರ. ಇದರ ಅಣ್ಣತಮ್ಮ ಫ್ಯಾಸಿಯೋಲಾ ಹೆಪಾಟಿಕಾ ಚಿಕ್ಕದು, ತಂಪು ಪ್ರದೇಶದ್ದು. ಹೆಪಾಟಿಕಾದ ಜೀವನಚಕ್ರವನ್ನು ಜರ್ಮನಿಯ ಲಾಯ್ಕಾರ್ಟ್ ಮತ್ತು ಇಂಗ್ಲೆಂಡಿನ ಥಾಮಸ್ ಇಬ್ಬರೂ ಬೇರೆ ಬೇರೆಯಾಗಿ 1880ರ ದಶಕದ ಆರಂಭದಲ್ಲಿ ಬಿಡಿಸಿ ತೋರಿಸಿದರು. ಒಂದು ಹುಳು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹೋಗಲು ನಡುವೆ ಬಸವನಹುಳು ಬೇಕೇ ಬೇಕು ಎಂದು ಗೊತ್ತಾದದ್ದು ಆಗ.

ಸಗಣಿಯಲ್ಲಿ ಹೊರಬಿದ್ದ ಮೊಟ್ಟೆ ನೀರಿಗೆ ಸೇರಿದರೆ, ಬೆಚ್ಚಗಿನ ಹವೆಯಲ್ಲಿ ಒಂದೆರಡು ವಾರದಲ್ಲಿ ಒಡೆದು ಮರಿ ಈಜುತ್ತದೆ. ಕೆಲವೇ ಗಂಟೆಯಲ್ಲಿ ಅದಕ್ಕೆ ಲಿಮ್ನಿಯಾ ಜಾತಿಯ ನೀರಿನ ಬಸವನಹುಳು ಸಿಗಬೇಕು. ಸಿಕ್ಕಿದರೆ ಅದರೊಳಗೆ ಒಂದು ನೂರಾರಾಗುತ್ತದೆ. ಆಮೇಲೆ ಹೊರಬಂದು, ನೀರಂಚಿನ ಹುಲ್ಲಿಗೂ ಭತ್ತದ ದಂಟಿನ ಬುಡಕ್ಕೂ ಅಂಟಿಕೊಂಡು, ಸಣ್ಣ ಗುಳ್ಳೆ ಕಟ್ಟಿಕೊಂಡು ಕೂರುತ್ತದೆ. ಕುರಿ ಅದನ್ನು ಮೇಯುತ್ತದೆ. ಗುಳ್ಳೆ ಕರುಳಿನಲ್ಲಿ ಒಡೆಯುತ್ತದೆ. ಮರಿಹುಳು ಕರುಳಿನ ಗೋಡೆ ಕೊರೆದು ಹೊಟ್ಟೆಯ ಒಳಕ್ಕೆ ಬಂದು, ಲಿವರ್‌ನ ಹೊರಪದರ ತೂರಿ, ಮಾಂಸ ತಿನ್ನುತ್ತಾ ವಾರಗಟ್ಟಲೆ ಅಲೆಯುತ್ತದೆ. ಕೊನೆಗೆ ಪಿತ್ತದ ನಾಳ ಸೇರಿ ಅಲ್ಲಿ ನೆಲೆಸುತ್ತದೆ. ಮೊಟ್ಟೆ ಇಡಲು ಶುರುಮಾಡುವಾಗ ಜೈಗಾಂಟಿಕಾಗೆ 13ರಿಂದ 16 ವಾರ ಆಗಿರುತ್ತದೆ.

ಈ 13–16 ವಾರ ನೆನಪಿಡಿ, ಪತ್ತೆಯ ಕೀಲಿ ಇದೇ. ಮುಂಗಾರಿನ ಭತ್ತ ಕೊಯ್ಲಾಗಿ ನವೆಂಬರ್, ಡಿಸೆಂಬರ್‌ನಲ್ಲಿ ಮಂದೆ ಕೂಳೆ ಮೇಯಲು ಇಳಿದಿದ್ದರೆ, ಮಾರ್ಚ್ ಹೊತ್ತಿಗೆ ಹುಳು ಬೆಳೆದು ರಕ್ತ ಕುಡಿಯುತ್ತಿರುತ್ತದೆ. ಕುರಿಗಾರರನ್ನು ನಾನು ಮೊದಲು ಕೇಳುವುದೂ ಅದನ್ನೇ: ದೀಪಾವಳಿಯಿಂದ ಸಂಕ್ರಾಂತಿವರೆಗೆ ಮಂದೆ ಎಲ್ಲೆಲ್ಲಿ ತಂಗಿತ್ತು? ನೀರು ಎಲ್ಲಿ ಕುಡಿಸಿದ್ರಿ? ಕಾಲುವೆ ಬಸಿಯುವ ಜಾಗ, ಬತ್ತುತ್ತಿರುವ ಕೆರೆಯ ಅಂಗಳ, ಗದ್ದೆ ಬದು ಎಂದರೆ ಅನುಮಾನ ಗಟ್ಟಿಯಾಗುತ್ತದೆ. ಇಡೀ ವರ್ಷ ಗುಡ್ಡದ ಒಣ ಹುಲ್ಲು ಮೇಯ್ದ ಮಂದೆಯಾದರೆ ಬೇರೆ ಕಾರಣ ಹುಡುಕುವುದು ಒಳ್ಳೆಯದು.

ಅನುಮಾನ ಇರುವ ಜಾಗಕ್ಕೆ ಹೋಗಿ ನೀರಂಚಿನಲ್ಲಿ ಬಸವನಹುಳು ಇದೆಯಾ ನೋಡಿ. ಚಿಪ್ಪನ್ನು ಬೆರಳಲ್ಲಿ ಹಿಡಿದು, ಚೂಪು ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ತಿರುಗಿಸಿ. ತೆಳು ಕಂದು ಚಿಪ್ಪಿನ ಬಾಯಿ ಅಗಲವಾಗಿದ್ದು ಬಲಗಡೆಗೆ ತೆರೆದಿದ್ದರೆ ಅದು ಲಿಮ್ನಿಯಾ ಇರಬಹುದು. ತುದಿಯೇ ಇಲ್ಲದ, ಚಪ್ಪಟೆಯಾಗಿ ಸುತ್ತಿದ ಚಿಪ್ಪು ಇಂಡೋಪ್ಲಾನಾರ್ಬಿಸ್. ಅದು ಲಿವರ್ ಹುಳುವಿನದಲ್ಲ, ಆದರೆ ಹೊಟ್ಟೆಯ ಇನ್ನೊಂದು ಚಪ್ಪಟೆ ಹುಳು ಆಂಫಿಸ್ಟೋಮ್ ಅದರಿಂದಲೇ ಬರುತ್ತದೆ. ಒಂದೇ ಹೊಂಡದಲ್ಲಿ ಎರಡೂ ಇರುವುದುಂಟು. ನೋಡಿದ ಮೇಲೆ ಕೈ ತೊಳೆದುಕೊಳ್ಳಿ.

ಬೇರೆ ಕಾಯಿಲೆ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು

ಗದ್ದದ ಬಾವು ಕಂಡ ಕೂಡಲೇ ಲಿವರ್ ಹುಳು ಎನ್ನುವಂತಿಲ್ಲ. ಬಾವನ್ನು ಮುಟ್ಟಿ. ತಣ್ಣಗಿದ್ದು, ಬೆರಳಿಂದ ಒತ್ತಿದರೆ ಕುಳಿ ಉಳಿದು, ಕುರಿಗೆ ನೋವಾಗದಿದ್ದರೆ ಅದು ರಕ್ತದಲ್ಲಿ ಪ್ರೋಟೀನ್ ಕಡಿಮೆಯಾಗಿ ನೀರು ಇಳಿದದ್ದು. ಬಿಸಿಯಾಗಿದ್ದು, ಜ್ವರ ಇದ್ದು, ಗೊರಗೊರ ಉಸಿರಾಡುತ್ತಿದ್ದರೆ, ಅದರಲ್ಲೂ ಎಮ್ಮೆಯಾಗಿದ್ದರೆ, ಅದು ಗಳಲೆ ರೋಗ ಆಗಿರಬಹುದು. ಅದು ಒಂದೆರಡು ದಿನದಲ್ಲೇ ಕೊಲ್ಲುತ್ತದೆ. ಆಗ ಈ ಲೇಖನ ಬದಿಗಿಟ್ಟು ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಪಶು ಸಂಜೀವಿನಿ ಸಂಚಾರಿ ವಾಹನಕ್ಕೆ 1962.

ಆಮೇಲೆ ಕಣ್ಣಿನ ಕೆಳರೆಪ್ಪೆ ಮಗುಚಿ ಒಳಬಣ್ಣ ನೋಡಿ. ಬಿಸಿಲಿನಲ್ಲಿ ನೋಡಬೇಕು, ಕೊಟ್ಟಿಗೆಯ ನೆರಳಲ್ಲಿ ಎಲ್ಲವೂ ಬಿಳಿಚಿಯೇ ಕಾಣುತ್ತದೆ. ಕೆಂಪು ಅಥವಾ ಗಾಢ ಗುಲಾಬಿ ಇದ್ದರೆ ರಕ್ತ ಚೆನ್ನಾಗಿದೆ. ಕಾಗದದಷ್ಟು ಬಿಳಿ ಇದ್ದರೆ ರಕ್ತ ಹೋಗುತ್ತಿದೆ. ಆದರೆ ರಕ್ತ ಹೀರುವುದು ಲಿವರ್ ಹುಳು ಒಂದೇ ಅಲ್ಲ. ನಾಲ್ಕನೇ ಹೊಟ್ಟೆಯಲ್ಲಿರುವ ಹೀಮಾಂಕಸ್ ಎಂಬ ದುಂಡುಹುಳುವೂ ಹೀಗೇ ರೆಪ್ಪೆ ಬಿಳಿ ಮಾಡುತ್ತದೆ, ಹೀಗೇ ಗದ್ದದಲ್ಲಿ ನೀರು ತುಂಬಿಸುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಫಮಾಚ ಎಂಬ ರೆಪ್ಪೆ ಬಣ್ಣದ ಚಾರ್ಟ್ ಆ ಹುಳುವಿಗಾಗಿಯೇ ಬಂದದ್ದು. ರೆಪ್ಪೆ ಹೇಳುವುದು ರಕ್ತ ಕಡಿಮೆಯಾಗಿದೆ ಎಂದಷ್ಟೇ. ಯಾರು ಕದ್ದರು ಎಂದು ಅದು ಹೇಳುವುದಿಲ್ಲ.

ಎರಡನ್ನೂ ಬೇರೆ ಮಾಡಲು ಕಾಲ ಸ್ವಲ್ಪ ಸಹಾಯ ಮಾಡುತ್ತದೆ. ಹೀಮಾಂಕಸ್ ಮಳೆಗಾಲದಲ್ಲಿ, ಬೇಗಬೇಗ ಕೆಡಿಸುತ್ತದೆ. ಎಳೆ ಮರಿಗಳು ಜಾಸ್ತಿ ಸಾಯುತ್ತವೆ. ಬಲಿತ ಲಿವರ್ ಹುಳುವಿನ ಕಾಯಿಲೆ ನಿಧಾನದ್ದು, ಚಳಿಗಾಲ ಮುಗಿಯುವಾಗ ಬೇಸಿಗೆ ಕಡೆಗೆ ಎದ್ದು ಕಾಣುತ್ತದೆ, ದೊಡ್ಡ ಕುರಿಗಳನ್ನೂ ಬಿಡುವುದಿಲ್ಲ. ಗಬ್ಬುನಾತದ ನೀರು ಭೇದಿ ಇದ್ದರೆ ಕರುಳಿನಲ್ಲಿ ಮರಿ ಆಂಫಿಸ್ಟೋಮ್ ಇರಬಹುದು. ದನ ಎಮ್ಮೆಯಲ್ಲಿ ಎದೆಗುಂಡಿಗೆ ಹತ್ತಿರ ಬಾವು ಇದ್ದು, ಎದ್ದು ಕೂರಲು ನರಳುತ್ತಿದ್ದರೆ ತಂತಿ, ಮೊಳೆ ನುಂಗಿದೆಯಾ ಎಂದು ಯೋಚಿಸಬೇಕು. ತಿಂಗಳುಗಟ್ಟಲೆ ಭೇದಿ, ಸೊರಗು, ಆದರೆ ರೆಪ್ಪೆ ಕೆಂಪಾಗಿಯೇ ಇದ್ದರೆ ಜೋನ್ಸ್ ಎಂಬ ಕರುಳಿನ ಕಾಯಿಲೆಯ ಕಡೆ ನೋಡಬೇಕು. ಸುಮ್ನೆ ಮೇವೇ ಸಾಲದೆ ಸೊರಗಿದ ಕುರಿಗಳೂ ಬೇಕಾದಷ್ಟಿವೆ, ಬರಗಾಲದ ವರ್ಷದಲ್ಲಿ ಅದನ್ನು ಮರೆಯಬಾರದು.

ಹಿಕ್ಕೆ ಪರೀಕ್ಷೆ: ಹೇಗೆ ಮಾಡಿಸಬೇಕು ಎಂಬುದೇ ಮುಖ್ಯ

"ಟೆಸ್ಟ್ ಮಾಡಿಸಿದ್ವಿ, ಏನೂ ಇಲ್ಲ ಅಂದ್ರು" ಎಂಬ ಮಾತು ತುಂಬ ಕೇಳಿದ್ದೇನೆ. ಯಾವ ಟೆಸ್ಟ್ ಎಂದು ಕೇಳಿದರೆ, ಉಪ್ಪುನೀರಿನಲ್ಲಿ ತೇಲಿಸಿ ನೋಡುವ ವಿಧಾನ ಎಂದು ಗೊತ್ತಾಗುತ್ತದೆ. ದುಂಡುಹುಳುವಿನ ಮೊಟ್ಟೆ ಹಗುರ, ತೇಲುತ್ತದೆ. ಲಿವರ್ ಹುಳುವಿನ ಮೊಟ್ಟೆ ಭಾರ, ಅದು ತಳಕ್ಕೆ ಕೂರುತ್ತದೆ. ಆದ್ದರಿಂದ ಸೆಡಿಮೆಂಟೇಷನ್ ವಿಧಾನದಲ್ಲೇ ನೋಡಬೇಕು. ಇದನ್ನು ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ಲ್ಯಾಬಿನಲ್ಲಿ ಮಾಡುವುದು ಸರಳ ಕೆಲಸ. ಕೆಲವು ಗ್ರಾಂ ಹಿಕ್ಕೆಯನ್ನು ನೀರಲ್ಲಿ ಚೆನ್ನಾಗಿ ಕಿವುಚಿ, ಟೀ ಸೋಸುವ ಜಾಲರಿಯಂಥದ್ದರಲ್ಲಿ ಸೋಸಿ, ಉದ್ದ ಗ್ಲಾಸಿನಲ್ಲಿ ಬಿಡುತ್ತಾರೆ. ಕೆಲವು ನಿಮಿಷ ಬಿಟ್ಟು ಮೇಲಿನ ಕದಡಿದ ನೀರನ್ನು ಮೆಲ್ಲಗೆ ಚೆಲ್ಲಿ, ಮತ್ತೆ ನೀರು ತುಂಬಿಸುತ್ತಾರೆ. ಮೇಲಿನ ನೀರು ತಿಳಿಯಾಗುವವರೆಗೆ ಹೀಗೇ. ತಳದಲ್ಲಿ ಉಳಿದ ಮಡ್ಡಿಗೆ ಒಂದು ಹನಿ ಮೆಥಿಲೀನ್ ಬ್ಲೂ ಹಾಕುತ್ತಾರೆ. ಮೈಕ್ರೋಸ್ಕೋಪಿನ ಕೆಳಗೆ ಹೊಟ್ಟು, ಹುಲ್ಲಿನ ಚೂರೆಲ್ಲ ನೀಲಿ. ಅದರ ನಡುವೆ ಲಿವರ್ ಹುಳುವಿನ ಮೊಟ್ಟೆ ಮಾತ್ರ ಚಿನ್ನದ ಹಳದಿಯಾಗಿ, ಒಂದು ತುದಿಯಲ್ಲಿ ಸಣ್ಣ ಮುಚ್ಚಳದೊಂದಿಗೆ ಹೊಳೆಯುತ್ತದೆ. ಆಂಫಿಸ್ಟೋಮ್ ಮೊಟ್ಟೆಯೂ ಗಾತ್ರ, ಆಕಾರದಲ್ಲಿ ಹಾಗೇ ಇರುತ್ತದೆ, ಬಣ್ಣ ಮಾತ್ರ ಇಲ್ಲ, ಬೂದು ಬಿಳುಪು. ಈ ಬಣ್ಣದ ವ್ಯತ್ಯಾಸ ತಪ್ಪಿದರೆ ವರದಿಯೇ ತಪ್ಪುತ್ತದೆ.

ಒಂದು ಕುರಿಯ ಹಿಕ್ಕೆ ಕೊಟ್ಟು ಮಂದೆಯ ಬಗ್ಗೆ ತೀರ್ಮಾನ ಮಾಡಬೇಡಿ. ಮೊಟ್ಟೆ ಪ್ರತಿದಿನ ಒಂದೇ ಸಮ ಬೀಳುವುದಿಲ್ಲ. ಸೊರಗಿದ ಏಳೆಂಟು ಕುರಿಯದ್ದು, ಚೆನ್ನಾಗಿರುವ ಎರಡು ಮೂರರದ್ದು ಬೇರೆ ಬೇರೆ ಕವರಿನಲ್ಲಿ, ನೆಲದಿಂದ ಆಯದೆ ನೇರ ಗುದದ್ವಾರದಿಂದಲೇ ತೆಗೆದು ಕೊಡಿ. ಮುಖ್ಯವಾಗಿ ಇದನ್ನು ತಿಳಿದಿರಿ: ಮೊಟ್ಟೆ ಸಿಕ್ಕರೆ ಹುಳು ಬಲಿತಿದೆ ಎಂದರ್ಥ. ಸಿಗದಿದ್ದರೆ ಹುಳು ಇಲ್ಲ ಎಂದರ್ಥವಲ್ಲ, ಇನ್ನೂ ಮೊಟ್ಟೆ ಇಡುವ ವಯಸ್ಸಾಗಿಲ್ಲದೆಯೂ ಇರಬಹುದು. ಡಿಸೆಂಬರ್‌ನಲ್ಲಿ ಕೂಳೆ ಮೇಯ್ದ ಮಂದೆಯ ಹಿಕ್ಕೆಯನ್ನು ಜನವರಿಯಲ್ಲಿ ಪರೀಕ್ಷಿಸಿದರೆ ಖಾಲಿ ಬರುವುದು ಸಹಜ.

ಮಂದೆಯಲ್ಲಿ ಒಂದು ಸತ್ತಿದ್ದರೆ, ಅಥವಾ ಕೊಯ್ದಿದ್ದರೆ, ಅದರ ಲಿವರ್‌ಗಿಂತ ದೊಡ್ಡ ಸಾಕ್ಷಿ ಇಲ್ಲ. ಮಟನ್ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಕಾಯಿಲೆಯ ಲಿವರ್‌ನ ಮೇಲ್ಮೈ ನುಣ್ಣಗಿರದೆ ಗಂಟುಗಂಟಾಗಿ, ಬಿಳಿ ಗೆರೆ ಬಿದ್ದಿರುತ್ತದೆ. ಪಿತ್ತದ ನಾಳಗಳು ಹಗ್ಗದಂತೆ ಉಬ್ಬಿರುತ್ತವೆ. ಅಡ್ಡ ಕೊಯ್ದು ಹೆಬ್ಬೆರಳಿಂದ ಒತ್ತಿದರೆ, ಕಂದು ಪಿತ್ತದ ಜೊತೆ ಹುಳುಗಳು ಮಡಚಿಕೊಂಡು ಹೊರಬರುತ್ತವೆ. ದನದ ಲಿವರ್ ಆದರೆ ನಾಳದ ಗೋಡೆಗೆ ಸುಣ್ಣ ಕಟ್ಟಿ, ಚಾಕು ಹೋಗುವಾಗ ಮರಳಿನ ಮೇಲೆ ಉಜ್ಜಿದಂತೆ ಕರಕರ ಶಬ್ದ ಬರುತ್ತದೆ. ಕುರಿಯಲ್ಲಿ ನಾಳ ದಪ್ಪವಾಗುತ್ತದೆ, ಸಾಮಾನ್ಯವಾಗಿ ಸುಣ್ಣ ಕಟ್ಟುವುದಿಲ್ಲ.

ಔಷಧ ಆರಿಸುವುದು

ಇಲ್ಲಿಂದ ಮುಂದಿನದ್ದು ಡಾಕ್ಟರ ಜೊತೆ ಕೂತು ಮಾಡುವ ಕೆಲಸ. ಆದರೆ ಬಾಟಲಿಯ ಮೇಲಿನ ಹೆಸರು ಓದಿ ಅರ್ಥ ಮಾಡಿಕೊಳ್ಳುವಷ್ಟು ಪ್ರತಿ ಕುರಿಗಾರರಿಗೂ ಗೊತ್ತಿರಬೇಕು.

ಐವರ್ಮೆಕ್ಟಿನ್, ಫೆನ್‌ಬೆಂಡಜೋಲ್, ಲೆವಮಿಸೋಲ್ ಇವು ದುಂಡುಹುಳುವಿಗೆ. ಮಾಮೂಲಿ ಪ್ರಮಾಣದಲ್ಲಿ ಲಿವರ್ ಹುಳುವಿಗೆ ಇವುಗಳಿಂದ ಪ್ರಯೋಜನ ಇಲ್ಲ. ಬರೀ ಇವನ್ನೇ ಕುಡಿಸಿದ್ದರೆ ಲಿವರ್ ಹುಳುವಿಗೆ ಔಷಧ ಕೊಟ್ಟೇ ಇಲ್ಲ ಎಂದುಕೊಳ್ಳಿ. ಅಲ್ಬೆಂಡಜೋಲ್ ಬಲಿತ ಲಿವರ್ ಹುಳುವನ್ನು ಒಂದು ಮಟ್ಟಿಗೆ ಕೊಲ್ಲುತ್ತದೆ, ಅದಕ್ಕೆ ದುಂಡುಹುಳುವಿಗೆ ಕೊಡುವುದಕ್ಕಿಂತ ಜಾಸ್ತಿ ಪ್ರಮಾಣ ಬೇಕು. ಗಬ್ಬದ ಮೊದಲ ತಿಂಗಳಲ್ಲಿ ಕುರಿಗೆ ಅದನ್ನು ಕೊಡಬಾರದು, ಹೊಟ್ಟೆಯ ಮರಿಗೆ ಅಪಾಯ.

ಟ್ರೈಕ್ಲಾಬೆಂಡಜೋಲ್ ಮಾತ್ರ ಒಂದೆರಡು ವಾರದ ಮರಿಹುಳುವಿನಿಂದ ಬಲಿತ ಹುಳುವಿನವರೆಗೆ ಎಲ್ಲವನ್ನೂ ಹಿಡಿಯುವುದು. ಕುರಿಗೆ ಕೆಜಿ ತೂಕಕ್ಕೆ 10 ಮಿಲಿಗ್ರಾಂ, ದನಕ್ಕೆ 12. ಮಂದೆ ಗದ್ದೆಯಿಂದ ಬಂದು ಇನ್ನೂ ತಿಂಗಳು, ಒಂದೂವರೆ ತಿಂಗಳಾಗಿದ್ದರೆ ಇದನ್ನೇ ಕೇಳಿ. ಕ್ಲೋಸಾಂಟೆಲ್ ಮತ್ತು ನೈಟ್ರಾಕ್ಸಿನಿಲ್ ಸುಮಾರು ಆರೆಂಟು ವಾರ ದಾಟಿದ ಹುಳುವಿಗೆ ಕೆಲಸ ಮಾಡುತ್ತವೆ. ಕ್ಲೋಸಾಂಟೆಲ್ ಹೀಮಾಂಕಸ್ ಅನ್ನೂ ಕೊಲ್ಲುವುದರಿಂದ ಎರಡೂ ಇರುವ ಮಂದೆಗೆ ಅನುಕೂಲ. ಆಕ್ಸಿಕ್ಲೋಜನೈಡ್ ಬಲಿತ ಹುಳುವಿಗೆ ಮಾತ್ರ. ಕುರಿಗೆ ಕೆಜಿಗೆ 15 ಮಿಲಿಗ್ರಾಂ, ದನಕ್ಕೆ 10. ಮಾರ್ಚ್‌ನಲ್ಲಿ ಹಿಕ್ಕೆಯಲ್ಲಿ ಹಳದಿ ಮೊಟ್ಟೆ ಕಂಡ ಹಳೇ ಕಾಯಿಲೆಗೆ ಇದೂ ಸಾಕು. ಜನವರಿಯಲ್ಲಿ ಕೊಟ್ಟರೆ ಹಣ ನೀರಿಗೆ ಹೋದ ಹಾಗೆ.

ಕ್ಲೋಸಾಂಟೆಲ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಪ್ರಮಾಣ ಹೆಚ್ಚಾದರೆ ಕುರಿ ಮೇಕೆಗಳ ಕಣ್ಣು ಹೋಗುತ್ತದೆ. ಹೋದ ಕಣ್ಣು ಸಾಮಾನ್ಯವಾಗಿ ಮರಳುವುದಿಲ್ಲ. "ಎರಡು ಮಿಲಿ ಜಾಸ್ತಿ ಹೋದ್ರೆ ಏನಾಗುತ್ತೆ" ಎಂಬ ಧೋರಣೆ ಇಲ್ಲಿ ನಡೆಯುವುದಿಲ್ಲ. ಸೊರಗಿದ ಕುರಿಯ ತೂಕವನ್ನು ಕಣ್ಣಂದಾಜಿನಲ್ಲಿ ಹೇಳುವುದೂ ಕಷ್ಟ. ತೂಗುಕೊಕ್ಕೆ ತಕ್ಕಡಿಯಲ್ಲಿ ತೂಗಿ. ಬಾಟಲಿಯ ಶಕ್ತಿ ಓದಿ: 30 ಕೆಜಿ ಕುರಿಗೆ ಕೆಜಿಗೆ 10ರಂತೆ 300 ಮಿಲಿಗ್ರಾಂ ಬೇಕು. ಔಷಧ ಶೇ. 10ರದ್ದಾದರೆ ಅದು 3 ಮಿಲಿ. ಶೇ. 5ರದ್ದಾದರೆ 6 ಮಿಲಿ. ಬಾಟಲಿ ಬದಲಾದರೂ ಹಳೇ ಅಳತೆಯಲ್ಲೇ ಕುಡಿಸುವುದು ಮಂದೆಗಳಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು. ಹಾಲು ಕರೆಯುವ ಪ್ರಾಣಿಗೆ ಯಾವುದು ಕೊಡಬಹುದು, ಎಷ್ಟು ದಿನ ಹಾಲು, ಮಾಂಸ ಬಳಸಬಾರದು ಎಂಬುದನ್ನು ಲೇಬಲ್ ನೋಡಿ, ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ. ಮನೆಮಕ್ಕಳು ಕುಡಿಯುವ ಹಾಲು ಅದು.

ಕುಡಿಸುವಾಗ ತಲೆಯನ್ನು ಪೂರ್ತಿ ಮೇಲೆತ್ತಬೇಡಿ. ಗದ್ದ ನೆಲಕ್ಕೆ ಸಮವಾಗಿದ್ದರೆ ಸಾಕು. ಬಾಯಿಯ ಪಕ್ಕದಿಂದ ನಾಲಿಗೆಯ ಹಿಂಭಾಗಕ್ಕೆ ಬಿಟ್ಟು, ನುಂಗಲು ಸಮಯ ಕೊಡಿ. ಔಷಧ ಶ್ವಾಸಕೋಶಕ್ಕೆ ಇಳಿದರೆ ಹುಳುವಿನಿಂದ ಸಾಯದ ಕುರಿ ನ್ಯುಮೋನಿಯಾದಿಂದ ಸಾಯುತ್ತದೆ.

ಸರಿಯಾದ ಔಷಧ ಕೊಟ್ಟೂ ಗುಣವಾಗದಿದ್ದರೆ

ಮೂರು ವಾರ ಬಿಟ್ಟು ಅದೇ ಕುರಿಗಳ ಹಿಕ್ಕೆ ಮತ್ತೆ ಪರೀಕ್ಷಿಸಿ. ಒಂದೇ ವಾರದಲ್ಲಿ ನೋಡಿದರೆ ಪಿತ್ತಕೋಶದಲ್ಲಿ ಉಳಿದಿದ್ದ ಹಳೇ ಮೊಟ್ಟೆಗಳು ಇನ್ನೂ ಬೀಳುತ್ತಿರುತ್ತವೆ, ಔಷಧ ಕೆಲಸ ಮಾಡಲಿಲ್ಲ ಎಂದು ತಪ್ಪು ತಿಳಿಯುತ್ತೇವೆ. ಮೂರು ವಾರದ ಮೇಲೂ ಮೊಟ್ಟೆ ಇದ್ದರೆ, ಮೊದಲು ತೂಕ, ಪ್ರಮಾಣ, ಅವಧಿ ಮುಗಿದ ದಿನಾಂಕ, ಬಾಟಲಿ ಕುಲುಕಿದ್ದು, ಕುಡಿಸಿದ್ದು ಆಚೆ ಉಗಿದದ್ದು ಇವನ್ನು ಪರಿಶೀಲಿಸಿ. ಎಲ್ಲ ಸರಿ ಇದ್ದರೆ ಆಗ ಹುಳುವೇ ಔಷಧಕ್ಕೆ ಬಗ್ಗದ ನಿರೋಧ ಶಕ್ತಿ ಬೆಳೆಸಿಕೊಂಡಿದೆಯೇ ಎಂಬ ಪ್ರಶ್ನೆ. ಟ್ರೈಕ್ಲಾಬೆಂಡಜೋಲ್‌ಗೆ ಬಗ್ಗದ ಲಿವರ್ ಹುಳು ಆಸ್ಟ್ರೇಲಿಯಾದಲ್ಲಿ ಇದೆ ಎಂದು 1995ರಲ್ಲೇ ವರದಿಯಾಯಿತು. ಆಮೇಲೆ ಯುರೋಪ್, ದಕ್ಷಿಣ ಅಮೆರಿಕದಲ್ಲೂ ಕಂಡಿತು. ಹೀಗಾದಾಗ ಬೇರೆ ಗುಂಪಿನ ಔಷಧಕ್ಕೆ ಹೋಗಬೇಕು, ಅದೇ ಬಾಟಲಿಯನ್ನು ಮತ್ತೆ ಮತ್ತೆ ಕುಡಿಸಬಾರದು.

ಹಿಕ್ಕೆಯಲ್ಲಿ ಮೊಟ್ಟೆ ಇಲ್ಲ, ಆದರೂ ಕುರಿ ಚೇತರಿಸಿಕೊಂಡಿಲ್ಲ ಎಂದಾದರೆ ಹುಳು ಹೋಗಿದೆ, ಗಾಯ ಉಳಿದಿದೆ. ಒಂದು ಬಲಿತ ಹುಳುವಿನಿಂದ ದಿನಕ್ಕೆ ಅರ್ಧ ಮಿಲಿವರೆಗೆ ರಕ್ತ ನಷ್ಟವಾಗಬಹುದು ಎಂದು ಪಶುವೈದ್ಯ ಪಠ್ಯಗಳು ಹೇಳುತ್ತವೆ. ನೂರು ಹುಳು ಇದ್ದರೆ ದಿನಕ್ಕೆ 50 ಮಿಲಿ. 25 ಕೆಜಿ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಒಂದೂವರೆ ಲೀಟರ್ ಚಿಲ್ಲರೆ. ವಾರಗಟ್ಟಲೆ ಹೀಗೆ ಹೋದದ್ದು ಒಂದು ಬಾಟಲಿಯಿಂದ ವಾಪಸ್ ಬರುವುದಿಲ್ಲ. ಶೇಂಗಾ ಹಿಂಡಿ, ಕುದುರೆಮೆಂತೆ, ಹಸಿರು ಸೊಪ್ಪು ಕೊಡಿ. ಡಾಕ್ಟರ್ ಹೇಳಿದರೆ ಕಬ್ಬಿಣಾಂಶದ ಇಂಜೆಕ್ಷನ್ ಕೊಡಿಸಿ. ಕೆಲವು ವಾರ ದೂರ ಓಡಿಸಬೇಡಿ. ಸಾಧ್ಯವಾದರೆ ಆ ಕುರಿಗಳನ್ನು ಮಂದೆಯಿಂದ ಬೇರೆ ಮಾಡಿ ಹಟ್ಟಿಯಲ್ಲೇ ನಿಲ್ಲಿಸಿ.

ಉಳಿಯುವುದು ಯಾವುದು, ಉಳಿಯದ್ದು ಯಾವುದು

ಇದನ್ನು ಹೇಳುವುದು ಕಷ್ಟ, ಆದರೆ ಹೇಳದೆ ಇರುವುದು ಕುರಿಗಾರರಿಗೆ ಅನ್ಯಾಯ. ರೆಪ್ಪೆ ಬಿಳಿಚಿದ್ದರೂ ಮೇವು ತಿನ್ನುತ್ತಿರುವ, ತಾನೇ ಎದ್ದು ನಡೆಯುವ ಕುರಿಯ ಬಗ್ಗೆ ಆಸೆ ಇಡಬಹುದು. ಲಿವರ್‌ಗೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ಶಕ್ತಿ ದೊಡ್ಡದು. ಗದ್ದದ ನೀರು ಇಳಿದು, ರೆಪ್ಪೆ ಮೆಲ್ಲಗೆ ಗುಲಾಬಿಯಾದರೆ ದಾರಿ ಸರಿ ಇದೆ. ಮೇವು ಬಿಟ್ಟು ಮಲಗಿರುವ, ಕಣ್ಣು ಹಳದಿಯಾದ, ಹೊಟ್ಟೆಯಲ್ಲೂ ನೀರು ತುಂಬಿದ ಕುರಿ ಚಿಕಿತ್ಸೆಗೆ ಓಗೊಡುವುದು ಕಡಿಮೆ. ದನದಲ್ಲಿ ಸುಣ್ಣ ಕಟ್ಟಿದ ನಾಳ ಮೊದಲಿನಂತಾಗುವುದಿಲ್ಲ. ಆದರೂ ಹುಳು ತೆಗೆದರೆ ಹಾಲು, ಗರ್ಭ ನಿಲ್ಲುವುದು ಸುಧಾರಿಸಬಹುದು.

ದನಕ್ಕೂ ಕುರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ದನದ ಲಿವರ್ ಗಟ್ಟಿಯಾಗುತ್ತಾ ಹೋದಂತೆ ಹುಳುಗಳು ಕಾಲಕ್ರಮೇಣ ಕಡಿಮೆಯಾಗುತ್ತವೆ. ಕುರಿಗೆ ಆ ರಕ್ಷಣೆ ತೀರ ಕಡಿಮೆ. ಹೆಪಾಟಿಕಾ ಕುರಿಯಲ್ಲಿ 11 ವರ್ಷ ಬದುಕಿದ ದಾಖಲೆ ಇದೆ. ತಾನಾಗಿಯೇ ಹೋಗುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಎಲ್ಲ ಕುರಿ ತಳಿಯೂ ಒಂದೇ ಅಲ್ಲ ಎಂಬುದೂ ನಿಜ. ಇಂಡೋನೇಷ್ಯಾದ ತೆಳು ಬಾಲದ ಕುರಿ ತಳಿಗೆ ಜೈಗಾಂಟಿಕಾವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆ ಎಂದು ಸಂಶೋಧಕರು ತೋರಿಸಿದ್ದಾರೆ. ನಮ್ಮ ಕೆಂಗುರಿ, ಬಳ್ಳಾರಿ, ದಖನಿ ತಳಿಗಳಲ್ಲಿ ಇದನ್ನು ಹುಡುಕುವ ಕೆಲಸ ಆಗಬೇಕು ಎಂಬುದು ನನ್ನ ಮನದಾಸೆ.

ಮತ್ತೆ ಬರದ ಹಾಗೆ

ವರ್ಷಕ್ಕೆ ಎರಡು ಸಮಯ ಮುಖ್ಯ. ಕೂಳೆ ಮೇಯಿಸಿ ಮುಗಿಸಿದ ಮೇಲೆ ಒಂದು ಸಲ, ಮರಿಹುಳುವನ್ನೂ ಕೊಲ್ಲುವ ಔಷಧ. ಮಳೆಗಾಲಕ್ಕೆ ಮುಂಚೆ ಏಪ್ರಿಲ್, ಮೇಯಲ್ಲಿ ಬಲಿತ ಹುಳುವಿನ ಔಷಧ. ಎರಡನೆಯದು ಕುರಿಗಾಗಿ ಎಷ್ಟೋ ಅಷ್ಟೇ ಗದ್ದೆಗಾಗಿ. ಮಳೆ ಬಿದ್ದಾಗ ಮೊಟ್ಟೆ ನೀರಿಗೆ ಸೇರದಿದ್ದರೆ ಬಸವನಹುಳುವಿಗೆ ಹಂಚಲು ಏನೂ ಇರುವುದಿಲ್ಲ.

ಭತ್ತದ ಹುಲ್ಲನ್ನು ಕೊಟ್ಟಿಗೆಯಲ್ಲಿ ತಿನ್ನಿಸುವವರು ಹಸಿ ಹುಲ್ಲಿನ ಬುಡದ ಭಾಗ ಬಿಟ್ಟು ಮೇಲಿನ ಭಾಗ ಹಾಕುವುದು ಒಳ್ಳೆಯದು. ಗುಳ್ಳೆಗಳು ನೀರಿನ ಮಟ್ಟದ ಹತ್ತಿರ, ಬುಡದಲ್ಲೇ ಜಾಸ್ತಿ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದರೆ ಅವು ಸಾಯುತ್ತವೆ, ತೇವದಲ್ಲಿ ಬಹುದಿನ ಉಳಿಯುತ್ತವೆ. ಹಸಿ ಸಗಣಿಯನ್ನು ನೇರ ಗದ್ದೆಗೆ ಚೆಲ್ಲದೆ ತಿಪ್ಪೆಯಲ್ಲಿ ಕೊಳೆಯಿಸಿ ಹಾಕಿ, ಆ ಬಿಸಿಗೆ ಮೊಟ್ಟೆ ಸಾಯುತ್ತದೆ. ನೀರು ಕುಡಿಸಲು ಸಾಧ್ಯವಾದ ಕಡೆ ಬಾನಿ ಅಥವಾ ತೊಟ್ಟಿ ಇಡಿ, ಅದರ ಸುತ್ತ ಕೆಸರಾಗದಂತೆ ಕಲ್ಲು ಹಾಸಿ.

ಮನೆಯವರು ಕೇಳುವ ಪ್ರಶ್ನೆ ಒಂದಿದೆ: ಇಂಥ ಕುರಿಯ ಲಿವರ್ ತಿಂದರೆ ನಮಗೂ ಬರುತ್ತಾ? ಬೇಯಿಸಿದ ಲಿವರ್‌ನಿಂದ ಈ ಹುಳು ಬರುವುದಿಲ್ಲ. ಮನುಷ್ಯರಿಗೆ ಇದು ಬರುವುದು ಗುಳ್ಳೆ ಅಂಟಿದ ನೀರಿನ ಸೊಪ್ಪನ್ನು ಹಸಿಯಾಗಿ ತಿಂದಾಗ, ಅಂಥ ನೀರು ಕುಡಿದಾಗ. ಬೊಲಿವಿಯಾದ ಎತ್ತರದ ಬಯಲಿನಲ್ಲಿ ಇದು ದೊಡ್ಡ ಸಮಸ್ಯೆ, ಭಾರತದಲ್ಲಿ ಅಪರೂಪಕ್ಕೆ ವರದಿಯಾಗುತ್ತದೆ. ಮನುಷ್ಯರಿಗೂ ಇರುವ ಮುಖ್ಯ ಔಷಧ ಟ್ರೈಕ್ಲಾಬೆಂಡಜೋಲ್ ಗುಳಿಗೆಯೇ. ಅಮೆರಿಕದ ಔಷಧ ಇಲಾಖೆ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2019ರಲ್ಲಿ. ಕುರಿಯ ಬಾಟಲಿಯನ್ನು ಯಾವ ಕಾರಣಕ್ಕೂ ಮನುಷ್ಯರು ಕುಡಿಯಬಾರದು. ಹಸಿ ಸೊಪ್ಪು ತಿಂದ ಕೆಲವು ವಾರಕ್ಕೆ ಜ್ವರ, ಬಲ ಪಕ್ಕೆಯ ಕೆಳಗೆ ನೋವು ಬಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಗದ್ದೆ ನೀರಿನ ವಿಷಯವನ್ನೂ ಡಾಕ್ಟರಿಗೆ ಹೇಳಿ.